ಹೃದಯದ ಮಾತ್ರೆ ವಿಷವಾದಾಗ: ಚಿಕಿತ್ಸೆ ಏನು, ಎಲ್ಲಿಗೆ ಓಡಬೇಕು?

ಬಿಪಿ ಮಾತ್ರೆ, ಹೃದಯದ ಮಾತ್ರೆ ಇಲ್ಲದ ಮನೆ ಈಗ ಕಡಿಮೆ. ಉಮ್ಮನಿಗೆ ಒಂದು, ಉಪ್ಪನಿಗೆ ಎರಡು ಅಂತ ಡಬ್ಬಿ ತುಂಬಾ ಸ್ಟ್ರಿಪ್‌ಗಳು ಇರುತ್ತವೆ. ಅಳತೆಯಲ್ಲಿ ತೆಗೆದುಕೊಂಡರೆ ಜೀವ ಉಳಿಸುವ ಮದ್ದು ಇದು. ಅಳತೆ ತಪ್ಪಿದರೆ ಇದೇ ವಿಷ. ಮಗು ಆಟವಾಡುತ್ತಾ ನುಂಗಬಹುದು, ಮರೆವಿನ ಹಿರಿಯರು ಒಂದೇ ಮಾತ್ರೆಯನ್ನು ಎರಡು ಸಲ ತೆಗೆದುಕೊಳ್ಳಬಹುದು, ಕಿಡ್ನಿ ಕೆಟ್ಟವರ ಮೈಯಲ್ಲಿ ಮದ್ದು ಹೊರಹೋಗದೆ ಶೇಖರವಾಗಬಹುದು, ಮನಸ್ಸು ಕೆಟ್ಟವರು ಬೇಕೆಂದೇ ನುಂಗಿರಬಹುದು. ಕಾರಣ ಯಾವುದೇ ಇರಲಿ, ಮೊದಲು ಮಾಡಬೇಕಾದ ಕೆಲಸ ಒಂದೇ: ತಡಮಾಡದೆ ಆಸ್ಪತ್ರೆ, ಕೈಯಲ್ಲಿ ಆ ಮಾತ್ರೆಯ ಸ್ಟ್ರಿಪ್.

ಈ ವಿಷದಲ್ಲಿ ಎರಡು ಮೋಸಗಳಿವೆ. ಒಂದು, ಮೊದಲ ಕೆಲವು ಗಂಟೆ ರೋಗಿ ಆರಾಮಾಗಿಯೇ ಇರುತ್ತಾರೆ. ಮಾತಾಡುತ್ತಾರೆ, ನಡೆದಾಡುತ್ತಾರೆ. ಮನೆಯವರು "ಏನೂ ಆಗಿಲ್ಲ, ಬೆಳಿಗ್ಗೆ ನೋಡೋಣ" ಅಂತ ಸುಮ್ಮನಾಗುತ್ತಾರೆ. ಎರಡು, ಬೇರೆ ಬೇರೆ ಮಾತ್ರೆಗಳ ವಿಷ ಹೊರಗಿನಿಂದ ಒಂದೇ ಥರ ಕಾಣುತ್ತದೆ. ನಾಡಿ ನಿಧಾನ, ಬಿಪಿ ಕೆಳಗೆ. ಆದರೆ ಒಂದೊಂದಕ್ಕೂ ಚಿಕಿತ್ಸೆ ಬೇರೆ. ಯಾವ ಮಾತ್ರೆ ಅಂತ ಗೊತ್ತಾಗದಿದ್ದರೆ ಡಾಕ್ಟರಿಗೂ ಅಮೂಲ್ಯ ಸಮಯ ಹೋಗುತ್ತದೆ.

ವ್ಯಾಪಾರಕ್ಕೆ, ಬಟ್ಟೆ ಖರೀದಿಗೆ, ಲಾರಿ ಕೆಲಸಕ್ಕೆ ಕರಾವಳಿಯಿಂದ ಇಚಲಕರಂಜಿ, ಕೊಲ್ಹಾಪುರ ಕಡೆ ಹೋಗಿ ಬರುವವರಿದ್ದಾರೆ. ಗಡಹಿಂಗ್ಲಜ್ ತಾಲ್ಲೂಕಿನಲ್ಲಿ ಮನೆಮಾತೇ ಕನ್ನಡ ಆಗಿರುವ ಊರುಗಳಿವೆ. ಅಲ್ಲಿ ಆಸ್ಪತ್ರೆಯ ಭಾಷೆ ಮರಾಠಿ, ಮನೆಯ ಭಾಷೆ ಬೇರೆ. ಆ ಭಾಗದಲ್ಲಿ ಇರುವವರಿಗೂ ಹೋಗಿ ಬರುವವರಿಗೂ ಉಪಯೋಗ ಆಗುವ ಹಾಗೆ ಮಾಹಿತಿಯನ್ನು ಇಲ್ಲಿ ಕೊಡಲಾಗಿದೆ.

ಮುಖ್ಯವಾಗಿ ಮೂರು ಗುಂಪು

1. ಡಿಗಾಕ್ಸಿನ್

ಹೃದಯದ ಬಡಿತ ತಾಳ ತಪ್ಪಿದವರಿಗೆ, ಹೃದಯದ ಬಲ ಕುಂದಿದವರಿಗೆ, ವಾತಜ್ವರದಿಂದ ವಾಲ್ವ್ ಕೆಟ್ಟವರಿಗೆ ಕೊಡುವ ಹಳೆಯ ಮದ್ದು. ಲ್ಯಾನಾಕ್ಸಿನ್ ಎಂಬ ಹೆಸರಿನಲ್ಲಿ ಹೆಚ್ಚು ಪರಿಚಿತ. ಇದರ ಮೂಲ ಫಾಕ್ಸ್‌ಗ್ಲೋವ್ ಎಂಬ ಹೂವಿನ ಗಿಡ. ಇಂಗ್ಲೆಂಡಿನ ವೈದ್ಯ ವಿಲಿಯಂ ವಿದರಿಂಗ್ 1785ರಲ್ಲಿ ಈ ಗಿಡದ ಎಲೆಯ ಗುಣದ ಬಗ್ಗೆ ಪುಸ್ತಕ ಬರೆದರು. ಅಳತೆ ಮೀರಿದರೆ ವಾಂತಿ, ಕಣ್ಣಿಗೆ ಎಲ್ಲ ಹಳದಿ ಹಸಿರಾಗಿ ಕಾಣುವುದು, ನಾಡಿ ನಿಧಾನ ಆಗುವುದು ಎಂದು ಅವರೇ ಎಚ್ಚರಿಸಿದ್ದರು. 1930ರಲ್ಲಿ ಇನ್ನೊಂದು ಜಾತಿಯ ಫಾಕ್ಸ್‌ಗ್ಲೋವ್‌ನಿಂದ ಡಿಗಾಕ್ಸಿನ್ ಬೇರ್ಪಡಿಸಲಾಯಿತು.

ಈ ಮದ್ದಿನಲ್ಲಿ ಗುಣ ಕೊಡುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ಅಂತರ ಬಹಳ ಕಡಿಮೆ. ಮಾತ್ರೆಯೇ 0.25 ಮಿಲಿಗ್ರಾಂ ಅಷ್ಟೇ. ಕಿಡ್ನಿ ಸರಿ ಇದ್ದವರಲ್ಲೂ ಮೈಯಲ್ಲಿರುವ ಮದ್ದಿನ ಅರ್ಧ ಹೊರಹೋಗಲು 36ರಿಂದ 48 ಗಂಟೆ ಬೇಕು. ಕಿಡ್ನಿ ಕೆಟ್ಟಿದ್ದರೆ ಇನ್ನೂ ಹೆಚ್ಚು. ಆದ್ದರಿಂದಲೇ ನಮ್ಮ ದೇಶದಲ್ಲಿ ಹಲವು ಡಾಕ್ಟರುಗಳು ವಾರಕ್ಕೆ 5 ದಿನ ಮಾತ್ರ ಕೊಟ್ಟು 2 ದಿನ ಬಿಡಿಸುತ್ತಾರೆ. ಅದು ಗೊತ್ತಿಲ್ಲದೆ ದಿನಾ ಕೊಟ್ಟರೆ ನಿಧಾನವಾಗಿ ವಿಷ ಏರುತ್ತದೆ. ಭೇದಿಯಾಗಿ ಮೈಯ ನೀರು ಕಡಿಮೆ ಆದಾಗ, ಮೂತ್ರ ಹೋಗಿಸುವ ಮಾತ್ರೆಯಿಂದ ಪೊಟ್ಯಾಸಿಯಂ ಇಳಿದಾಗ, ಅಮಿಯೊಡರಾನ್, ವೆರಾಪಮಿಲ್, ಕ್ಲಾರಿತ್ರೊಮೈಸಿನ್‌ನಂಥ ಮದ್ದು ಜೊತೆಗೆ ಸೇರಿದಾಗ ಅಪಾಯ ಹೆಚ್ಚು.

ಲಕ್ಷಣ: ಹಸಿವಿಲ್ಲ, ವಾಕರಿಕೆ, ವಾಂತಿ, ಸುಸ್ತು, ಗೊಂದಲ, ಕಣ್ಣು ಮಂಜು, ನಾಡಿ ನಿಧಾನ ಅಥವಾ ಏರುಪೇರು. ವಯಸ್ಸಾದವರಲ್ಲಿ "ಗ್ಯಾಸ್ಟ್ರಿಕ್" ಅಂತ ಮಾತ್ರೆ ಕೊಟ್ಟು ಕೂರುವುದು ಸಾಮಾನ್ಯ. ಡಿಗಾಕ್ಸಿನ್ ತೆಗೆದುಕೊಳ್ಳುವವರಿಗೆ ವಾಂತಿ ಶುರುವಾದರೆ ಅದನ್ನು ಗ್ಯಾಸ್ಟ್ರಿಕ್ ಅಂತ ಬಿಡಬಾರದು. ಇಸಿಜಿ ಮಾಡಿಸಬೇಕು.

2. ಬೀಟಾ ಬ್ಲಾಕರ್

ಅಟೆನಾಲಾಲ್, ಮೆಟೊಪ್ರೊಲಾಲ್, ಪ್ರೊಪ್ರನಾಲಾಲ್ ಈ ಗುಂಪಿನವು. ಇವುಗಳಲ್ಲಿ ಮೊದಲಿನದಾದ ಪ್ರೊಪ್ರನಾಲಾಲ್ ಅನ್ನು 1960ರ ದಶಕದಲ್ಲಿ ಬಳಕೆಗೆ ತಂದ ಜೇಮ್ಸ್ ಬ್ಲ್ಯಾಕ್ ಅವರಿಗೆ 1988ರಲ್ಲಿ ನೊಬೆಲ್ ಬಂತು. ಪ್ರೊಪ್ರನಾಲಾಲ್ ಅನ್ನು ತಲೆನೋವು, ಥೈರಾಯ್ಡ್, ಕೈ ನಡುಕಕ್ಕೂ ಕೊಡುವುದರಿಂದ ಹೃದಯದ ಕಾಯಿಲೆ ಇಲ್ಲದ ಯುವಕರ ಮನೆಯಲ್ಲೂ ಅದು ಇರಬಹುದು. ಅತಿಯಾದರೆ ನಾಡಿ ಇಳಿಯುತ್ತದೆ, ಬಿಪಿ ಬೀಳುತ್ತದೆ, ಫಿಟ್ಸ್ ಬರಬಹುದು. ಮಕ್ಕಳಲ್ಲಿ ರಕ್ತದ ಸಕ್ಕರೆ ಕುಸಿಯಬಹುದು.

3. ಕ್ಯಾಲ್ಸಿಯಂ ಚಾನೆಲ್ ಬ್ಲಾಕರ್

ಅಮ್ಲೊಡಿಪಿನ್, ನಿಫೆಡಿಪಿನ್, ಡಿಲ್ಟಿಯಾಜೆಮ್, ವೆರಾಪಮಿಲ್. ಅಮ್ಲೊಡಿಪಿನ್ ಅಂತೂ ಬಿಪಿ ಇರುವವರಲ್ಲಿ ಹೆಚ್ಚಿನವರಿಗೆ ಗೊತ್ತಿರುವ ಹೆಸರು. ಇದರ ಅರ್ಧ ಭಾಗ ಮೈಯಿಂದ ಹೋಗಲು 30ರಿಂದ 50 ಗಂಟೆ ಬೇಕು. ಈ ಗುಂಪಿನಲ್ಲಿ ನಿಧಾನವಾಗಿ ಕರಗುವ ಮಾತ್ರೆಗಳಿವೆ. ಹೆಸರಿನ ಪಕ್ಕ ಎಸ್‌ಆರ್, ಎಕ್ಸ್‌ಎಲ್, ಸಿಆರ್ ಎಂದು ಬರೆದಿರುತ್ತದೆ. ಅಂಥದ್ದನ್ನು ನುಂಗಿದವರಿಗೆ 12 ಗಂಟೆ ಕಳೆದ ಮೇಲೂ ವಿಷ ಏರಬಹುದು. ಬಿಪಿ ತೀರಾ ಇಳಿದಿದ್ದರೂ ರೋಗಿ ಎಚ್ಚರವಾಗಿಯೇ ಮಾತಾಡುತ್ತಿರಬಹುದು. ಇದನ್ನು ನೋಡಿ ಮನೆಯವರು ಮೋಸಹೋಗುವುದು. ರಕ್ತದ ಸಕ್ಕರೆ ಏರುವುದು ಈ ವಿಷದ ಇನ್ನೊಂದು ಗುರುತು.

ಇವುಗಳ ಜೊತೆ ರಕ್ತ ತೆಳು ಮಾಡುವ ವಾರ್ಫರಿನ್, ಅಸಿಟ್ರಾಮ್ ಮಾತ್ರೆಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಇವು ಹೆಚ್ಚಾದರೆ ಒಸಡು, ಮೂಗಿನಲ್ಲಿ ರಕ್ತ, ಕಪ್ಪು ಮಲ, ಮೈಮೇಲೆ ನೀಲಿ ಕಲೆ. ಮೆದುಳಿನಲ್ಲಿ ರಕ್ತಸ್ರಾವ ಆದರೆ ಪ್ರಾಣಕ್ಕೇ ಅಪಾಯ. ಇದಕ್ಕೆ ವಿಟಮಿನ್ ಕೆ, ಪ್ಲಾಸ್ಮಾ ಕೊಡುತ್ತಾರೆ.

ಗಿಡದಲ್ಲೂ ಇದೇ ವಿಷ: ಕರವೀರ

ಕೊಲ್ಹಾಪುರದ ಹಳೆಯ ಹೆಸರು ಕರವೀರ. ಈಗಲೂ ಕೊಲ್ಹಾಪುರ ನಗರದ ಸುತ್ತಲಿನ ತಾಲ್ಲೂಕಿನ ಹೆಸರು ಅದೇ. ಸಂಸ್ಕೃತದಲ್ಲಿ ಕರವೀರ ಎಂದರೆ ಕಣಗಿಲೆ ಗಿಡ. ಹೆದ್ದಾರಿಯ ನಡುವೆ, ಬೇಲಿಯಲ್ಲಿ, ಅಂಗಳದಲ್ಲಿ ಎಲ್ಲೆಂದರಲ್ಲಿ ಕಾಣುವ ಕಣಗಿಲೆಯಲ್ಲೂ, ಅದಕ್ಕೆ ಹತ್ತಿರದ ಹಳದಿ ಕಣಗಿಲೆಯಲ್ಲೂ ಇರುವುದು ಡಿಗಾಕ್ಸಿನ್‌ನ ಜಾತಿಯದೇ ವಿಷ. ಹಳದಿ ಕಣಗಿಲೆಗೆ ಮರಾಠಿಯಲ್ಲಿ ಬಿಟ್ಟಿ ಅನ್ನುತ್ತಾರೆ. ದಕ್ಷಿಣ ಭಾರತ, ಶ್ರೀಲಂಕಾದ ಆಸ್ಪತ್ರೆಗಳಿಗೆ ಬರುವ ವಿಷದ ಪ್ರಕರಣಗಳಲ್ಲಿ ಇದೂ ಒಂದು. ಮಕ್ಕಳು ಇದರ ಕಾಯಿಯಲ್ಲಿ ಆಡುವುದುಂಟು.

ಲಕ್ಷಣವೂ ಅದೇ: ವಾಂತಿ, ಭೇದಿ, ನಾಡಿ ಏರುಪೇರು. ಚಿಕಿತ್ಸೆಯೂ ಡಿಗಾಕ್ಸಿನ್ ವಿಷದ ಚಿಕಿತ್ಸೆಯೇ. ಆದ್ದರಿಂದ ಗಿಡದ ವಿಷ ಅಂತ ನಾಟಿ ಮದ್ದಿಗೆ ಹೋಗದೆ, ಸಿಕ್ಕಿದ ಕಾಯಿ, ಎಲೆಯ ತುಂಡನ್ನು ಕವರಿನಲ್ಲಿ ಹಾಕಿಕೊಂಡು ನೇರ ಆಸ್ಪತ್ರೆಗೆ ಹೋಗಬೇಕು.

ಮನೆಯಲ್ಲಿ ಮಾಡಬೇಕಾದದ್ದು

* ನುಂಗಿದ ಸಮಯ ನೆನಪಿಟ್ಟುಕೊಳ್ಳಿ. ಸರಿಯಾಗಿ ಗೊತ್ತಿಲ್ಲದಿದ್ದರೆ ಕೊನೆಯ ಸಲ ಆರಾಮಾಗಿ ನೋಡಿದ್ದು ಎಷ್ಟು ಗಂಟೆಗೆ ಅಂತ ಹೇಳಿ.
* ಖಾಲಿ ಸ್ಟ್ರಿಪ್, ಉಳಿದ ಮಾತ್ರೆ, ಡಾಕ್ಟರರ ಚೀಟಿ, ಮೆಡಿಕಲ್ ಬಿಲ್ ಎಲ್ಲ ಒಂದು ಕವರಿಗೆ ಹಾಕಿ ಜೊತೆಗೆ ಕೊಂಡುಹೋಗಿ. ಮನೆಯಲ್ಲಿರುವ ಬೇರೆಯವರ ಮಾತ್ರೆಗಳನ್ನೂ ಎಣಿಸಿ ನೋಡಿ.
* ರೋಗಿಯನ್ನು ಮಲಗಿಸಿ. ಪ್ರಜ್ಞೆ ಇಲ್ಲದಿದ್ದರೆ ಎಡ ಮಗ್ಗುಲಿಗೆ ಮಲಗಿಸಿ. ಉಸಿರು ನಿಂತರೆ ಎದೆ ಒತ್ತುವ ಪ್ರಥಮ ಚಿಕಿತ್ಸೆ ಶುರು ಮಾಡಿ.
* 108ಕ್ಕೆ ಕರೆ ಮಾಡಿ. ಈ ನಂಬರ್ ಕರ್ನಾಟಕದಲ್ಲೂ ಮಹಾರಾಷ್ಟ್ರದಲ್ಲೂ ಒಂದೇ. ಗಡಿಯ ಊರಿನಿಂದ ಮಾಡುವಾಗ ಊರು, ತಾಲ್ಲೂಕು, ಜಿಲ್ಲೆ ಮೂರನ್ನೂ ಹೇಳಿ.

ಮಾಡಬಾರದದ್ದು

* ಉಪ್ಪುನೀರು ಕುಡಿಸಿ, ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸಬೇಡಿ. ಹೆಚ್ಚು ಉಪ್ಪು ಸ್ವತಃ ವಿಷ. ನಾಡಿ ಇಳಿದವರಿಗೆ ವಾಂತಿ ಮಾಡಿಸಿದರೆ ಅದು ಇನ್ನೂ ಇಳಿಯಬಹುದು, ವಾಂತಿ ಶ್ವಾಸಕೋಶಕ್ಕೂ ಹೋಗಬಹುದು.
* ಹಾಲು, ಮಜ್ಜಿಗೆ, ಹುಣಸೆನೀರು, ಇದ್ದಿಲು ಅರೆದು ಕೊಡಬೇಡಿ. ಆಸ್ಪತ್ರೆಯಲ್ಲಿ ಕೊಡುವ ಆಕ್ಟಿವೇಟೆಡ್ ಚಾರ್ಕೋಲ್ ಬೇರೆ, ಒಲೆಯ ಇದ್ದಿಲು ಬೇರೆ.
* "ಆರಾಮಿದ್ದಾರಲ್ಲ" ಅಂತ ಕಾಯಬೇಡಿ.

ಆಸ್ಪತ್ರೆಯಲ್ಲಿ ಏನು ಮಾಡುತ್ತಾರೆ?

ಮೊದಲು ಇಸಿಜಿ, ಬಿಪಿ, ರಕ್ತದ ಸಕ್ಕರೆ, ಪೊಟ್ಯಾಸಿಯಂ, ಕಿಡ್ನಿ ಪರೀಕ್ಷೆ. ಬೇಗ ಬಂದವರಿಗೆ, ಮುಖ್ಯವಾಗಿ ನುಂಗಿ ಒಂದೆರಡು ಗಂಟೆಯೊಳಗಿನವರಿಗೆ, ಆಕ್ಟಿವೇಟೆಡ್ ಚಾರ್ಕೋಲ್ ಕೊಡುತ್ತಾರೆ. ಅದು ಹೊಟ್ಟೆಯಲ್ಲಿರುವ ಮದ್ದನ್ನು ಹಿಡಿದುಕೊಂಡು ರಕ್ತಕ್ಕೆ ಸೇರದ ಹಾಗೆ ಮಾಡುತ್ತದೆ. ನಿಧಾನ ಕರಗುವ ಮಾತ್ರೆಯಾದರೆ ಕರುಳು ತೊಳೆಯುವ ದ್ರಾವಣವನ್ನೂ ಕೊಡಬಹುದು. ನಾಡಿ ನಿಧಾನ ಆದರೆ ಅಟ್ರೊಪಿನ್ ಇಂಜೆಕ್ಷನ್. ಅದೂ ಸಾಲದಿದ್ದರೆ ತಾತ್ಕಾಲಿಕ ಪೇಸ್‌ಮೇಕರ್. ಇಷ್ಟು ಹೆಚ್ಚು ಕಡಿಮೆ ಎಲ್ಲದಕ್ಕೂ ಸಾಮಾನ್ಯ. ಮುಂದೆ ದಾರಿ ಬೇರೆಯಾಗುತ್ತದೆ.

ಡಿಗಾಕ್ಸಿನ್ ವಿಷಕ್ಕೆ ನಿಜವಾದ ಪ್ರತಿಮದ್ದು ಇದೆ: ಡಿಗಾಕ್ಸಿನ್‌ನ್ನು ಹಿಡಿದು ಕಟ್ಟಿಹಾಕುವ ಆಂಟಿಬಾಡಿ. 1976ರಲ್ಲಿ ಮೊದಲ ಸಲ ಮನುಷ್ಯರ ಮೇಲೆ ಇದರ ಯಶಸ್ವಿ ಪ್ರಯೋಗ ವರದಿಯಾಯಿತು. ಶ್ರೀಲಂಕಾದಲ್ಲಿ ಹಳದಿ ಕಣಗಿಲೆ ತಿಂದ 66 ಮಂದಿಯ ಮೇಲೆ ನಡೆದ ಅಧ್ಯಯನ 2000ದಲ್ಲಿ ಪ್ರಕಟವಾಯಿತು. ಆಂಟಿಬಾಡಿ ಪಡೆದವರ ಹೃದಯದ ತಾಳ ಬೇಗ ಸರಿಯಾದದ್ದು ಅದರಲ್ಲಿ ಕಂಡುಬಂತು. ಆದರೆ ಇದು ತುಂಬಾ ದುಬಾರಿ, ನಮ್ಮಲ್ಲಿ ಸುಲಭವಾಗಿ ಸಿಗುವ ಮದ್ದಲ್ಲ. ಅದು ಇಲ್ಲದಿದ್ದರೆ ಕೈಚೆಲ್ಲಬೇಕಾಗಿಲ್ಲ. ಅಟ್ರೊಪಿನ್, ಪೇಸ್‌ಮೇಕರ್, ಪೊಟ್ಯಾಸಿಯಂ ನಿಯಂತ್ರಣ ಮತ್ತು ಐಸಿಯು ನಿಗಾದಲ್ಲೇ ಬಹಳ ಮಂದಿ ಉಳಿಯುತ್ತಾರೆ. ಶ್ರೀಲಂಕಾದಲ್ಲೇ ಮತ್ತೆ ಮತ್ತೆ ಚಾರ್ಕೋಲ್ ಕೊಟ್ಟ 401 ಮಂದಿಯ ಅಧ್ಯಯನದಲ್ಲಿ (2003) ಸಾವು ಕಡಿಮೆಯಾಗಿತ್ತು. 2008ರ ಇನ್ನೂ ದೊಡ್ಡ ಅಧ್ಯಯನದಲ್ಲಿ ಅಂಥ ಲಾಭ ಕಾಣಲಿಲ್ಲ. ಹಾಗಾಗಿ ಈ ವಿಷಯದಲ್ಲಿ ಡಾಕ್ಟರುಗಳ ಅಭಿಪ್ರಾಯ ಒಂದೇ ಥರ ಇಲ್ಲ.

ಕೆಲವು ಮನೆಯವರು "ಡಯಾಲಿಸಿಸ್ ಮಾಡಿ ವಿಷ ತೆಗೀರಿ" ಅಂತ ಒತ್ತಾಯ ಮಾಡುತ್ತಾರೆ. ಡಿಗಾಕ್ಸಿನ್ ರಕ್ತ ಬಿಟ್ಟು ಮಾಂಸಖಂಡಕ್ಕೆ ಸೇರಿಕೊಳ್ಳುವುದರಿಂದ ಡಯಾಲಿಸಿಸ್‌ನಲ್ಲಿ ಹೊರಬರುವುದಿಲ್ಲ. ಅಮ್ಲೊಡಿಪಿನ್ ಕೂಡ ಹಾಗೆಯೇ. ಅಟೆನಾಲಾಲ್ ಮಾತ್ರ ಸ್ವಲ್ಪ ಮಟ್ಟಿಗೆ ಹೊರಬರುತ್ತದೆ. ಮಾತ್ರೆಯ ಹೆಸರು ಯಾಕೆ ಮುಖ್ಯ ಅನ್ನುವುದಕ್ಕೆ ಇದೂ ಒಂದು ಕಾರಣ.

ಬೀಟಾ ಬ್ಲಾಕರ್ ಮತ್ತು ಕ್ಯಾಲ್ಸಿಯಂ ಚಾನೆಲ್ ಬ್ಲಾಕರ್ ವಿಷಕ್ಕೆ ಕ್ಯಾಲ್ಸಿಯಂ ಇಂಜೆಕ್ಷನ್, ಬಿಪಿ ಏರಿಸುವ ನೊರಡ್ರೆನಲಿನ್‌ನಂಥ ಡ್ರಿಪ್, ಗ್ಲುಕಗಾನ್ ಬಳಸುತ್ತಾರೆ. ಗ್ಲುಕಗಾನ್ ಎಲ್ಲ ಕಡೆ ಸಿಗುವುದಿಲ್ಲ. ಆದರೆ ಇಲ್ಲಿ ಒಂದು ಒಳ್ಳೆಯ ಸುದ್ದಿ ಇದೆ. ಈ ವಿಷಕ್ಕೆ ಇರುವ ಪ್ರಬಲ ಚಿಕಿತ್ಸೆಗಳಲ್ಲಿ ಒಂದು ಯಾವುದೇ ಮೆಡಿಕಲ್‌ನಲ್ಲಿ ಸಿಗುವ ಇನ್ಸುಲಿನ್. ಸಕ್ಕರೆ ಕಾಯಿಲೆಗೆ ಕೊಡುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಪ್ರಮಾಣದಲ್ಲಿ, ಜೊತೆಗೆ ಗ್ಲೂಕೋಸ್ ಡ್ರಿಪ್ ಹಾಕಿ ಕೊಡುತ್ತಾರೆ. ದಣಿದ ಹೃದಯದ ಸ್ನಾಯುವಿಗೆ ಸಕ್ಕರೆಯನ್ನು ಶಕ್ತಿಯಾಗಿ ಬಳಸಲು ಇನ್ಸುಲಿನ್ ಸಹಾಯ ಮಾಡುತ್ತದೆ. ಪದೇ ಪದೇ ಸಕ್ಕರೆ, ಪೊಟ್ಯಾಸಿಯಂ ನೋಡುತ್ತಾ ಇರಬೇಕಾದ್ದರಿಂದ ಇದು ಐಸಿಯುನಲ್ಲಿ ಮಾತ್ರ ಮಾಡುವ ಚಿಕಿತ್ಸೆ. ಮನೆಯಲ್ಲಿ ಯಾರೂ ಪ್ರಯೋಗ ಮಾಡುವಂಥದ್ದಲ್ಲ. ಎಲ್ಲಾ ಸೋತಾಗ ದೊಡ್ಡ ಆಸ್ಪತ್ರೆಗಳಲ್ಲಿ ಎಕ್ಮೋ ಯಂತ್ರ ಹಾಕಿ, ಮದ್ದಿನ ಅಮಲು ಇಳಿಯುವ ತನಕ ಹೃದಯದ ಕೆಲಸವನ್ನು ಯಂತ್ರದಿಂದ ಮಾಡಿಸುತ್ತಾರೆ.

ಡಾಕ್ಟರು "24 ಗಂಟೆ ಅಡ್ಮಿಟ್ ಇರಬೇಕು" ಅಂದರೆ ಹಣ ಮಾಡಲು ಹೇಳುತ್ತಾರೆ ಅಂದುಕೊಳ್ಳಬೇಡಿ. ನಿಧಾನ ಕರಗುವ ಮಾತ್ರೆಯಲ್ಲಿ ಅಷ್ಟು ಹೊತ್ತು ನೋಡಲೇಬೇಕು. ಮಧ್ಯದಲ್ಲಿ ಸಹಿ ಹಾಕಿ ಮನೆಗೆ ಕರೆತರುವುದು ದೊಡ್ಡ ತಪ್ಪು.

ಎಲ್ಲಿಗೆ ಹೋಗಬೇಕು?

ಕೊಲ್ಹಾಪುರ: ಜಿಲ್ಲೆಯ ಮುಖ್ಯ ಸರಕಾರಿ ಆಸ್ಪತ್ರೆ ಛತ್ರಪತಿ ಪ್ರಮೀಳಾ ರಾಜೆ ರುಗ್ಣಾಲಯ. ಎಲ್ಲರೂ ಸಿಪಿಆರ್ ಅನ್ನುತ್ತಾರೆ. ಆಟೋದವರಿಗೆ ಅಷ್ಟು ಹೇಳಿದರೆ ಸಾಕು. ರಾಜರ್ಷಿ ಛತ್ರಪತಿ ಶಾಹು ಮಹಾರಾಜ್ ಸರಕಾರಿ ಮೆಡಿಕಲ್ ಕಾಲೇಜು ಇದಕ್ಕೆ ಸೇರಿದೆ. ನಗರದಲ್ಲಿ ಡಿ.ವೈ. ಪಾಟೀಲ್ ಮೆಡಿಕಲ್ ಕಾಲೇಜಿನ ಆಸ್ಪತ್ರೆಯೂ ಇದೆ.

ಇಚಲಕರಂಜಿ: ಇಂದಿರಾ ಗಾಂಧಿ ಸ್ಮಾರಕ ಆಸ್ಪತ್ರೆ, ಬಾಯಿಮಾತಿನಲ್ಲಿ ಐಜಿಎಂ. ಇಲ್ಲಿಂದ ಕೊಲ್ಹಾಪುರ ಸುಮಾರು 30 ಕಿ.ಮೀ.

ಗಡಹಿಂಗ್ಲಜ್: ಉಪಜಿಲ್ಹಾ ರುಗ್ಣಾಲಯ. ಕೊಲ್ಹಾಪುರ ಸುಮಾರು 70 ಕಿ.ಮೀ. ಸಂಕೇಶ್ವರದ ಮೂಲಕ ಬೆಳಗಾವಿಯೂ ಹೆಚ್ಚು ಕಡಿಮೆ ಅಷ್ಟೇ ದೂರ. ಅಲ್ಲಿ ಬಿಮ್ಸ್ ಸರಕಾರಿ ಆಸ್ಪತ್ರೆ, ಕೆಎಲ್‌ಇ ಆಸ್ಪತ್ರೆ ಇವೆ.

ದೂರದ ದೊಡ್ಡ ಆಸ್ಪತ್ರೆಗೆ ನೇರ ಓಡುವುದೋ, ಹತ್ತಿರದ್ದಕ್ಕೋ ಎಂಬ ಗೊಂದಲ ಎಲ್ಲರಿಗೂ ಬರುತ್ತದೆ. ಮೊದಲು ಹತ್ತಿರದ ಆಸ್ಪತ್ರೆಗೇ ಹೋಗಬೇಕು. ಇಸಿಜಿ, ಡ್ರಿಪ್, ಅಟ್ರೊಪಿನ್ ಅಲ್ಲಿಯೇ ಶುರುವಾಗಲಿ. ಆಮೇಲೆ ಆಂಬುಲೆನ್ಸ್‌ನಲ್ಲಿ ಐಸಿಯು ಇರುವ ಕಡೆಗೆ. 70 ಕಿ.ಮೀ. ದಾರಿಯಲ್ಲಿ ಖಾಸಗಿ ಕಾರಿನೊಳಗೆ ನಾಡಿ ನಿಂತರೆ ಏನೂ ಮಾಡಲಾಗದು.

ಮರಾಠಿ ಬಾರದವರು ಒಂದು ವಾಕ್ಯ ಕಲಿತಿರಲಿ: "ಹೃದಯಾಚ್ಯಾ ಗೋಳ್ಯಾ ಜಾಸ್ತ ಘೇತಲ್ಯಾ ಆಹೇತ." ಹೃದಯದ ಮಾತ್ರೆ ಹೆಚ್ಚು ತೆಗೆದುಕೊಂಡಿದ್ದಾರೆ ಎಂದರ್ಥ. ವಿಷಪ್ರಾಶನಕ್ಕೆ ಅಲ್ಲಿ "ವಿಷಬಾಧಾ" ಎನ್ನುತ್ತಾರೆ. ಮೆಡಿಕಲ್‌ನವರು "ಏಕ್ ದಿವಸಾಆಡ್" ಅಂದರೆ ದಿನ ಬಿಟ್ಟು ದಿನ ಎಂದು ಅರ್ಥ. ದಿನಕ್ಕೊಂದು ಅಂತ ತಿಳಿದುಕೊಂಡರೆ ಡಿಗಾಕ್ಸಿನ್‌ನಂಥ ಮದ್ದಿನಲ್ಲಿ ಅದೇ ವಿಷಕ್ಕೆ ದಾರಿ. ಅನುಮಾನ ಇದ್ದರೆ ಸ್ಟ್ರಿಪ್ ಮೇಲೆ ಕನ್ನಡದಲ್ಲೇ ಬರೆಸಿಕೊಳ್ಳಿ ಅಥವಾ ಬರೆದುಕೊಳ್ಳಿ.

ಯಾವ ಡಾಕ್ಟರು ಬೇಕಾದರೂ, ಮನೆಯವರು ಬೇಕಾದರೂ ದೆಹಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರಕ್ಕೆ ಹಗಲು ರಾತ್ರಿ ಕರೆ ಮಾಡಿ ಸಲಹೆ ಕೇಳಬಹುದು. ಉಚಿತ ನಂಬರ್ 1800 116 117.

ಪೊಲೀಸ್ ಕೇಸ್, ಮರ್ಯಾದೆಯ ಭಯ

ಬೇಕೆಂದೇ ನುಂಗಿದ ಪ್ರಕರಣದಲ್ಲಿ ಮನೆಯವರು ತಡ ಮಾಡುವುದು ಹೆಚ್ಚಾಗಿ ಎರಡು ಕಾರಣಕ್ಕೆ. ಕೇಸ್ ಆಗುತ್ತದೆ, ಜಮಾಅತ್‌ನಲ್ಲಿ ಮಾತಾಗುತ್ತದೆ. ಈ ಭಯದಲ್ಲಿ ಕಳೆದ ಎರಡು ಗಂಟೆಯೇ ಜೀವ ತೆಗೆಯಬಹುದು.

ಕಾನೂನು ಏನು ಹೇಳುತ್ತದೆ? 1989ರ ಪರಮಾನಂದ ಕಟಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸರಕಾರಿ ಆಗಲಿ ಖಾಸಗಿ ಆಗಲಿ, ಡಾಕ್ಟರು ಮೊದಲು ಜೀವ ಉಳಿಸಬೇಕು, ಪೊಲೀಸ್ ಫಾರ್ಮಾಲಿಟಿ ಆಮೇಲೆ ಎಂದು ಸ್ಪಷ್ಟ ಹೇಳಿದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಕಲಂ ಪ್ರಕಾರ ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ತಿಳಿಯಬೇಕು, ಅವರಿಗೆ ಆರೈಕೆ ಕೊಡುವುದು ಸರಕಾರದ ಹೊಣೆ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಳೆಯ 309ನೇ ಕಲಂ ಇಲ್ಲ. ಆಸ್ಪತ್ರೆಯವರು ಪೊಲೀಸರಿಗೆ ತಿಳಿಸುವುದು ವಾಡಿಕೆಯ ಕ್ರಮ ಅಷ್ಟೇ. ಆದ್ದರಿಂದ ಡಾಕ್ಟರರ ಬಳಿ "ತಪ್ಪಿ ನುಂಗಿದ್ದು", "ಬರೀ ಗ್ಯಾಸ್ಟ್ರಿಕ್" ಅಂತ ಸುಳ್ಳು ಹೇಳಬಾರದು. ಸುಳ್ಳು ಹೇಳಿದರೆ ಚಿಕಿತ್ಸೆಯೇ ತಪ್ಪುತ್ತದೆ.

ಚೇತರಿಸಿಕೊಂಡು ಮನೆಗೆ ಬಂದವರನ್ನು ಬೈಯುವುದು, ಪ್ರಶ್ನೆ ಕೇಳಿ ಕೇಳಿ ಸುಸ್ತು ಮಾಡುವುದು ಬೇಡ. ಮನಸ್ಸಿಗೂ ಚಿಕಿತ್ಸೆ ಬೇಕು. ಟೆಲಿ ಮಾನಸ್ ಸಹಾಯವಾಣಿ 14416 ಉಚಿತ. ಕನ್ನಡದಲ್ಲೂ ಮಾತಾಡಬಹುದು.

ಮಾತ್ರೆಯೇ ಕಲಬೆರಕೆ ಆದರೆ: ಲಾಹೋರ್ ಪಾಠ

ಅಳತೆ ಸರಿ ಇದ್ದೂ ಹೃದಯದ ಮಾತ್ರೆ ವಿಷವಾದ ಉದಾಹರಣೆ ಇದೆ. 2011ರ ಕೊನೆ, 2012ರ ಆರಂಭದಲ್ಲಿ ಪಾಕಿಸ್ತಾನದ ಲಾಹೋರಿನಲ್ಲಿ, ಪಂಜಾಬ್ ಇನ್‌ಸ್ಟಿಟ್ಯೂಟ್ ಆಫ್ ಕಾರ್ಡಿಯಾಲಜಿಯಿಂದ ಉಚಿತ ಮಾತ್ರೆ ಪಡೆದ ಹೃದ್ರೋಗಿಗಳಲ್ಲಿ 200ಕ್ಕೂ ಹೆಚ್ಚು ಮಂದಿ ಸತ್ತರು. ಚರ್ಮ ಕಪ್ಪಾಗುವುದು, ಪ್ಲೇಟ್‌ಲೆಟ್ ಇಳಿಯುವುದು, ರಕ್ತಸ್ರಾವ. ಮೊದಲು ಡೆಂಗ್ಯೂ ಅಂತ ಅನುಮಾನ ಬಂದಿತ್ತು. ಬ್ರಿಟನ್ನಿನ ಲ್ಯಾಬ್‌ನಲ್ಲಿ ಪರೀಕ್ಷೆ ಮಾಡಿದಾಗ ಎದೆನೋವಿನ ಒಂದು ಮಾತ್ರೆಯಲ್ಲಿ ಮಲೇರಿಯಾ ಮದ್ದು ಪೈರಿಮೆಥಮಿನ್ ಬೆರೆತದ್ದು ಗೊತ್ತಾಯಿತು. ವಿಷ ಯಾವುದು ಅಂತ ತಿಳಿದ ಮೇಲೆ ಅದಕ್ಕೆ ತಕ್ಕ ಮದ್ದು, ಫೋಲಿನಿಕ್ ಆಸಿಡ್, ಕೊಡಲು ಸಾಧ್ಯವಾಯಿತು. ಅಲ್ಲಿಯ ತನಕ ಡಾಕ್ಟರುಗಳು ಕತ್ತಲಲ್ಲಿ ತಡಕಾಡುತ್ತಿದ್ದರು.

ಪಾಠ ಇಷ್ಟೇ: ಬಿಲ್ ಇಲ್ಲದೆ ಮಾತ್ರೆ ಕೊಳ್ಳಬೇಡಿ. ಬ್ಯಾಚ್ ನಂಬರ್ ಇರುವ ಸ್ಟ್ರಿಪ್ ತುದಿಯನ್ನು ಕೊನೆಯ ಮಾತ್ರೆ ಮುಗಿಯುವ ತನಕ ಕತ್ತರಿಸಬೇಡಿ. ನಮ್ಮ ದೇಶದಲ್ಲಿ 2023ರ ಆಗಸ್ಟ್ 1ರಿಂದ 300 ಬ್ರಾಂಡ್‌ಗಳ ಮೇಲೆ ಕ್ಯೂಆರ್ ಕೋಡ್ ಕಡ್ಡಾಯ ಮಾಡಲಾಗಿದೆ. ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿ ತಯಾರಕರ ಹೆಸರು, ಬ್ಯಾಚ್, ಅವಧಿ ನೋಡಬಹುದು. ಮನೆಯ ಯುವಕರು ಮಾಡಬಹುದಾದ ಸುಲಭ ಕೆಲಸ ಇದು.

ಬರದ ಹಾಗೆ ನೋಡಿಕೊಳ್ಳುವುದು

* ಮಾತ್ರೆ ಡಬ್ಬಿ ಬೀಗದೊಳಗೆ ಇರಲಿ. ದಿಂಬಿನ ಕೆಳಗೆ, ಟಿವಿ ಮೇಲೆ, ಪರ್ಸಿನಲ್ಲಿ ಇಡುವುದು ಬೇಡ. ಪುಟ್ಟ ಮಕ್ಕಳಿಗೆ ಈ ಮಾತ್ರೆ ಒಂದೆರಡೇ ಪ್ರಾಣಾಪಾಯ ತರಬಹುದು. ಮಕ್ಕಳಿಗೆ ಮಾತ್ರೆಯನ್ನು ಮಿಠಾಯಿ ಅಂತ ಹೇಳಬೇಡಿ.
* ಹಿರಿಯರಿಗೆ ವಾರದ ಏಳು ಖಾನೆಯ ಡಬ್ಬಿ ತಂದು ಒಬ್ಬರೇ ಜವಾಬ್ದಾರಿಯಿಂದ ತುಂಬಿಸಿ. ಡಿಗಾಕ್ಸಿನ್ ಬಿಡುವ ದಿನದ ಖಾನೆ ಖಾಲಿ ಇರಲಿ.
* ರಮಝಾನ್‌ನಲ್ಲಿ ಬೆಳಗಿನ ಮತ್ತು ರಾತ್ರಿಯ ಮಾತ್ರೆಯನ್ನು ಒಟ್ಟಿಗೆ ಇಫ್ತಾರ್‌ಗೆ ನುಂಗುವ ಅಭ್ಯಾಸ ಬೇಡ. ಉಪವಾಸ ಶುರುವಾಗುವ ಮೊದಲೇ ಡಾಕ್ಟರರನ್ನು ಕೇಳಿ ಸಮಯ ಬದಲಿಸಿಕೊಳ್ಳಿ. ನೀರು ಕಡಿಮೆಯಾಗಿ ಕಿಡ್ನಿಗೆ ಹೊರೆ ಬಿದ್ದರೆ ಡಿಗಾಕ್ಸಿನ್ ಮೈಯಲ್ಲಿ ಏರುತ್ತದೆ.
* ಒಂದು ಹೊತ್ತು ಮರೆತರೆ ಮುಂದಿನ ಹೊತ್ತಿಗೆ ಎರಡು ನುಂಗಬೇಡಿ.
* ಒಬ್ಬರ ಮಾತ್ರೆ ಇನ್ನೊಬ್ಬರಿಗೆ ಬೇಡ. "ನನಗೂ ಬಿಪಿ, ನಿನಗೂ ಬಿಪಿ" ಅಂತ ಹಂಚಿಕೊಳ್ಳುವ ಮದ್ದಲ್ಲ ಇದು.
* ತೀರಿಹೋದವರ, ಬದಲಾದ ಚೀಟಿಯ ಹಳೆಯ ಮಾತ್ರೆಗಳನ್ನು ಮನೆಯಲ್ಲಿ ಇಡಬೇಡಿ. ಕಪಾಟಿನಲ್ಲಿ ಉಳಿದ ಆ ಸ್ಟ್ರಿಪ್ ಮುಂದೆ ಮಗುವಿನ ಕೈಗೋ ಮನನೊಂದವರ ಕೈಗೋ ಸಿಗಬಹುದು.
* ಮನೆಯವರು ತೆಗೆದುಕೊಳ್ಳುವ ಎಲ್ಲ ಮಾತ್ರೆಗಳ ಹೆಸರು, ಪ್ರಮಾಣದ ಒಂದು ಫೋಟೋ ಮೊಬೈಲಿನಲ್ಲಿ ಇರಲಿ. ಅರ್ಧರಾತ್ರಿ ಆಸ್ಪತ್ರೆಯಲ್ಲಿ "ಯಾವ ಮಾತ್ರೆ?" ಎಂದು ಡಾಕ್ಟರು ಕೇಳಿದಾಗ ಆ ಫೋಟೋ ಕೊಡುವ ಉತ್ತರದಿಂದಲೇ ಚಿಕಿತ್ಸೆಯ ದಾರಿ ತೀರ್ಮಾನವಾಗುತ್ತದೆ.